ಕುವೆಂಪುನಗರದ ಮಹಡಿ ಕೋಣೆಯಲ್ಲಿ ಜಿನೀವಾ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಸಂಬಳ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ ಅಂದ ತಕ್ಷಣ ಮಂಡ್ಯ ಕಡೆಯ ನೆಂಟರು ಕೇಳುವ ಮೊದಲ ಪ್ರಶ್ನೆ ಅದೇ. ನಮ್ಮ ಸೋದರತ್ತೆಗೆ ಇದು ಇವತ್ತಿಗೂ ಅರಗಿಲ್ಲ. "ಅದೆಂಥಾ ಕೆಲ್ಸ ಮಗಾ, ಕೂಲಿನೇ ಇಲ್ದಿದ್ ಮೇಲೆ?" ಅಂದರು. ಗದ್ದೆಗೆ ಕಳೆ ಕೀಳಲು ಬಂದವರಿಗೆ ಮಧ್ಯಾಹ್ನ ಹಿಟ್ಟು ಇಕ್ಕಿ, ಸಂಜೆ ದುಡ್ಡು ಎಣಿಸಿ ಕೊಟ್ಟು ಕಳಿಸುವ ಹೆಂಗಸು ಅವರು. ಕೇಳಿದ್ದರಲ್ಲಿ ತಪ್ಪೇನಿಲ್ಲ.

ಇದು ದೂರು ಅಲ್ಲ. ನಿಯಮ ಜಾಹೀರಾತಿನಲ್ಲೇ ಬರೆದಿರುತ್ತದೆ. ವಿಶ್ವಸಂಸ್ಥೆಯ ಸಚಿವಾಲಯಕ್ಕೆ ಸೇರಿದ ಕಚೇರಿಗಳಲ್ಲಿ ಇಂಟರ್ನ್‌ಗಳಿಗೆ ಸಂಬಳ ಇಲ್ಲ. ಕನಿಷ್ಠ ಎರಡು ತಿಂಗಳು, ಹೆಚ್ಚೆಂದರೆ ಆರು ತಿಂಗಳು. ವಿಮಾನದ ಟಿಕೆಟ್, ವೀಸಾ, ಬಾಡಿಗೆ, ವಿಮೆ ಎಲ್ಲ ನಮ್ಮದೇ. ಆದರೆ ಅದೇ ಬಳಗದ ಬೇರೆ ಸಂಸ್ಥೆಗಳು ಖರ್ಚಿಗೆ ಅಂತ ತಿಂಗಳಿಗಿಷ್ಟು ಕೊಡುತ್ತವೆ. ಕಾರ್ಮಿಕ ಸಂಸ್ಥೆ ಐಎಲ್‌ಒ ಕೊಡುತ್ತದೆ. ಮಕ್ಕಳ ಸಂಸ್ಥೆ ಯುನಿಸೆಫ್, ಅಭಿವೃದ್ಧಿಯ ಸಂಸ್ಥೆ ಯುಎನ್‌ಡಿಪಿ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಕೊಡಲು ಶುರುಮಾಡಿತು. ಅರ್ಜಿ ಹಾಕುವವರಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕು. ಎಲ್ಲವನ್ನೂ ಯುಎನ್ ಅಂತ ಒಂದೇ ಹೆಸರಲ್ಲಿ ಕರೆದುಬಿಡುತ್ತೇವೆ, ದುಡ್ಡಿನ ವಿಷಯಕ್ಕೆ ಬಂದರೆ ಒಂದೊಂದು ಮನೆಯದೂ ಒಂದೊಂದು ಲೆಕ್ಕ.

ನನ್ನ ಕೆಲಸದ ಕಚೇರಿ ಇದ್ದದ್ದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಅದು ಎಷ್ಟು ದುಬಾರಿ ಊರು ಅಂದರೆ, 2020ರಲ್ಲಿ ಅಲ್ಲಿನ ಜನ ಮತ ಹಾಕಿ ಗಂಟೆಗೆ 23 ಫ್ರಾಂಕ್ ಕನಿಷ್ಠ ಕೂಲಿ ಅಂತ ಮಾಡಿಕೊಂಡರು. ಅದಕ್ಕೆ ಐದು ವರ್ಷ ಮುಂಚೆ, 2015ರಲ್ಲಿ, ನ್ಯೂಜಿಲೆಂಡ್‌ನ ಒಬ್ಬ ಇಂಟರ್ನ್ ಕೆರೆಯ ದಡದಲ್ಲಿ ಟೆಂಟ್ ಹಾಕಿಕೊಂಡು ಇದ್ದಾನೆ ಅನ್ನುವುದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಾನು ಅಲ್ಲಿನ ಕೋಣೆ ಬಾಡಿಗೆಗಳನ್ನು ನೋಡಿ, ರೂಪಾಯಿಗೆ ಗುಣಿಸಿ, ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಅಂತ ಕಾಯುವ ಮನೆಯಲ್ಲಿ ಆ ಮಾತನ್ನು ಎತ್ತುವುದೇ ಬೇಡ ಅನ್ನಿಸಿತು.

ನನಗೆ ದಾರಿ ಮಾಡಿಕೊಟ್ಟದ್ದು ಕೋವಿಡ್. ಆ ಕಾಲದಲ್ಲಿ ಕಚೇರಿಗಳು ಖಾಲಿಯಾದಾಗ ಮನೆಯಿಂದಲೇ ಮಾಡಬಹುದಾದ ಇಂಟರ್ನ್‌ಶಿಪ್‌ಗಳು ಶುರುವಾದವು. 2022ರಲ್ಲೂ ಕೆಲವು ಉಳಿದಿದ್ದವು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುತ್ತಿದ್ದೆ. ಅರ್ಜಿ ಹಾಕಿದೆ. ಆ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಕುವೆಂಪುನಗರದ ಚಿಕ್ಕಮ್ಮನ ಮನೆಯ ಮಹಡಿ ಕೋಣೆಯಲ್ಲಿ ಕೂತು ಕೆಲಸ ಮಾಡಿದೆ. ಮಾನವ ಹಕ್ಕುಗಳಿಗೆ ಸಂಬಂಧಪಟ್ಟ ಕೆಲಸ. ಯಾವ ವಿಭಾಗ, ಯಾರ ಕೈಕೆಳಗೆ ಅನ್ನುವುದು ಬೇಡ. ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ ಅಂತ ಸೇರುವಾಗಲೇ ಸಹಿ ಹಾಕಿದ್ದೇನೆ. ಇಲ್ಲಿ ಬರೆಯುತ್ತಿರುವುದು ದಿನದ ಕೆಲಸ ಹೇಗಿತ್ತು ಅನ್ನುವುದನ್ನು ಮಾತ್ರ.

ಅರ್ಜಿಯ ತಾಣದ ಹೆಸರು ಇನ್ಸ್‌ಪೈರಾ. ಹೆಸರಿಗೂ ಅದರ ನಡವಳಿಕೆಗೂ ಸಂಬಂಧವಿಲ್ಲ. ಓದಿದ ಶಾಲೆ, ಕಾಲೇಜು, ಮಾಡಿದ ಕೆಲಸ, ಬರುವ ಭಾಷೆಗಳು, ಹೀಗೆ ಒಂದೊಂದನ್ನೂ ಬೇರೆ ಬೇರೆ ಕಾಲಂನಲ್ಲಿ ತುಂಬಿಸಬೇಕು. ರೆಸ್ಯುಮೆ ಅಂಟಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಸ್ನಾತಕೋತ್ತರ ಓದುತ್ತಿರಬೇಕು, ಇಲ್ಲವೇ ಪದವಿಯ ಕೊನೆಯ ವರ್ಷದಲ್ಲಿರಬೇಕು, ಇಲ್ಲವೇ ಓದು ಮುಗಿದು ಒಂದು ವರ್ಷದ ಒಳಗಿರಬೇಕು. ಇದಿಷ್ಟು ಅರ್ಹತೆ. ಬಹಳಷ್ಟು ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಬೇಡ ಅಂತಾದರೂ ಹೇಳಬಾರದಾ ಅನ್ನಿಸುತ್ತಿತ್ತು. ಕಡೆಗೆ ಒಂದು ಕಡೆಯಿಂದ ಮೇಲ್ ಬಂತು.

ಸಂದರ್ಶನಕ್ಕಿಂತ ಮೊದಲು ಒಂದು ಬರವಣಿಗೆ ಪರೀಕ್ಷೆ ಇಟ್ಟರು. ಉದ್ದನೆಯ ವರದಿಯ ಒಂದು ಭಾಗ ಕೊಟ್ಟು, ಇದನ್ನು ಅರ್ಧ ಪುಟಕ್ಕೆ ಇಳಿಸಿ ಅಂದರು. ಅದೊಂದೇ. ಆಮೇಲೆ ಗೊತ್ತಾಯಿತು, ಮುಂದೆ ನಾನು ಮಾಡಲಿರುವ ಕೆಲಸದ ಮುಕ್ಕಾಲು ಪಾಲು ಅದೇ ಅಂತ. ಸಂದರ್ಶನದಲ್ಲಿ ಜಗತ್ತಿನ ರಾಜಕೀಯದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಇಬ್ಬರು ಒಂದೇ ಹೊತ್ತಿಗೆ ಕೆಲಸ ಹೇಳಿದರೆ ಏನು ಮಾಡುತ್ತೀರಿ, ಗೊತ್ತಿಲ್ಲದ ವಿಷಯ ಬಂದರೆ ಯಾರನ್ನು ಕೇಳುತ್ತೀರಿ, ಎಕ್ಸೆಲ್ ಬರುತ್ತದಾ? ಇಷ್ಟೇ. ರಾತ್ರಿಯೆಲ್ಲ ಕೂತು ಓದಿಕೊಂಡಿದ್ದ ಒಪ್ಪಂದಗಳ ಇಸವಿಗಳು ತಲೆಯಲ್ಲೇ ಉಳಿದವು.

ಸೇರುವುದಕ್ಕೆ ವಿದ್ಯಾರ್ಥಿ ಅನ್ನುವುದಕ್ಕೆ ಪತ್ರ, ಪಾಸ್‌ಪೋರ್ಟ್ ಪ್ರತಿ, ಆರೋಗ್ಯ ವಿಮೆ ಇದೆ ಅನ್ನುವುದಕ್ಕೆ ಕಾಗದ ಬೇಕು. ಜೊತೆಗೆ ಕೆಲವು ಆನ್‌ಲೈನ್ ಪಾಠಗಳನ್ನು ಮುಗಿಸಿ ಪ್ರಮಾಣಪತ್ರ ಕಳಿಸಬೇಕು. ಅದರಲ್ಲಿ ಬಿಸೇಫ್ ಅಂತ ಒಂದಿದೆ, ಭದ್ರತೆಯ ಪಾಠ. ಗುಂಡಿನ ಸದ್ದು ಕೇಳಿಸಿದರೆ ಏನು ಮಾಡಬೇಕು, ಗಲಾಟೆಯ ಊರಲ್ಲಿ ಗಾಡಿಯಲ್ಲಿ ಹೋಗುವಾಗ ಏನೇನು ನೋಡಬೇಕು, ಅಂಥವು. ಕಿಟಕಿಯಾಚೆ ಸೊಪ್ಪಿನವಳು ಕೂಗುತ್ತಿದ್ದಳು. ನಾನು ಒಳಗೆ ಕೂತು ಗುಂಡಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತೆ.

ಜಿನೀವಾದಲ್ಲಿ ಬೆಳಗ್ಗೆ ಒಂಬತ್ತಾದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಇದು ನನಗೆ ಚೆನ್ನಾಗಿಯೇ ಹೊಂದಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಆಮೇಲೆ ಓದು, ಊಟ ಮಾಡಿ ಮಹಡಿ ಹತ್ತಿದರೆ ಕೆಲಸ. ಅಕ್ಕಪಕ್ಕದವರಿಗೆ ಮಾತ್ರ ಅನುಮಾನ. ಹುಡುಗಿ ಕೆಲಸಕ್ಕೆ ಸೇರಿದ್ದಾಳೆ ಅಂತಾರೆ, ಬೆಳಗ್ಗೆ ಹತ್ತು ಗಂಟೆಗೆ ಕಾಂಪೌಂಡ್ ಹತ್ತಿರ ನಿಂತು ಹೂವಿನವನ ಹತ್ತಿರ ಚೌಕಾಸಿ ಮಾಡ್ತಿರ್ತಾಳೆ! ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ನನ್ನ ದಿನ ಒಂದೂವರೆಗೆ ಶುರುವಾಗತೊಡಗಿತು. ಚಿಕ್ಕಮ್ಮನಿಗೆ ಇದನ್ನು ನಂಬಿಸಲು ಬಹಳ ಕಷ್ಟವಾಯಿತು. "ಟೈಮನ್ನೇ ಬದಲಾಯಿಸ್ಕೊಂಡ್ರಾ? ಅಷ್ಟು ಸುಲಭನಾ?"

ಸಭೆಗಳ ಹೊತ್ತು ಬೆಳಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಆರು. ಅದು ಜಿನೀವಾ ಲೆಕ್ಕ. ಎರಡನೆಯ ಸಭೆ ಅಂದರೆ ನಮಗೆ ಸಂಜೆ ಆರೂವರೆಯಿಂದ ಒಂಬತ್ತೂವರೆ. ಸರಿಯಾಗಿ ಚಿಕ್ಕಮ್ಮನ ಧಾರಾವಾಹಿಗಳ ಹೊತ್ತು. ಕೆಳಗೆ ಅತ್ತೆ ಸೊಸೆ ಜಗಳ, ಮೇಲೆ ರಾಯಭಾರಿಗಳ ಜಗಳ. ಒಂದು ವ್ಯತ್ಯಾಸ ಇತ್ತು. ರಾಯಭಾರಿಗಳು ಬೈಯುವುದಕ್ಕೆ ಮೊದಲು ಧನ್ಯವಾದ ಹೇಳುತ್ತಿದ್ದರು.

ಈಗ ಕೆಲಸದ ವಿಷಯ. ದಿನದ ಮೊದಲ ಗಂಟೆ ಸುದ್ದಿ ಹೆಕ್ಕುವುದು. ನಮ್ಮ ವಿಭಾಗಕ್ಕೆ ಬೇಕಾದ ವಿಷಯಗಳ ಬಗ್ಗೆ ಯಾವ ದೇಶದಲ್ಲಿ ಏನಾಯಿತು, ಯಾವ ಪತ್ರಿಕೆ ಏನು ಬರೆಯಿತು ಅನ್ನುವುದನ್ನು ಒಂದು ಪುಟದಲ್ಲಿ ಕೊಡಬೇಕು. ಒಂದು ಸುದ್ದಿಗೆ ಎರಡೇ ಸಾಲು. ಯಾರು ಹೇಳಿದರು ಅನ್ನುವುದು ಮೊದಲು, ಏನು ಅನ್ನುವುದು ಆಮೇಲೆ. ನಮ್ಮ ಸ್ವಂತ ಮಾತು ಒಂದೂ ಇರಬಾರದು. 'ಭೀಕರ', 'ಆಘಾತಕಾರಿ' ಅಂತ ಬರೆದರೆ ಮೇಲಿನವರು ಅದನ್ನು ಹೊಡೆದು ಹಾಕಿ ವಾಪಸ್ ಕಳಿಸುತ್ತಿದ್ದರು.

ಆದರೆ ನಿಜವಾದ ಕೆಲಸ ಅಂದರೆ ಸಭೆಯ ಟಿಪ್ಪಣಿ. ಮಾನವ ಹಕ್ಕುಗಳ ಮಂಡಳಿ ಅಂತ ಒಂದಿದೆ, 2006ರಲ್ಲಿ ಹುಟ್ಟಿದ್ದು. 47 ದೇಶಗಳು ಸದಸ್ಯರು. ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಕೂರುವ ಸಾಮಾನ್ಯ ಸಭೆ, ಅಂದರೆ ಜನರಲ್ ಅಸೆಂಬ್ಲಿ, ಮತ ಹಾಕಿ ಅವರನ್ನು ಆರಿಸುತ್ತದೆ. ವರ್ಷಕ್ಕೆ ಮೂರು ಸಲ ವಾರಗಟ್ಟಲೆ ಸೇರುತ್ತದೆ. ನಾನಿದ್ದಾಗ 50ನೆಯ ಅಧಿವೇಶನ ಜೂನ್, ಜುಲೈನಲ್ಲಿ ನಡೆಯಿತು, 51ನೆಯದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎಲ್ಲವೂ ಯುಎನ್ ವೆಬ್ ಟಿವಿಯಲ್ಲಿ ನೇರವಾಗಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಈ ಆರು ಭಾಷೆಗಳಿಗೆ ಕೂಡಲೇ ಅನುವಾದ ಆಗುತ್ತಿರುತ್ತದೆ. ನಾನು ಇಂಗ್ಲಿಷ್ ಕಿವಿಗೆ ಹಾಕಿಕೊಂಡು ಕೂರುತ್ತಿದ್ದೆ. ಅನುವಾದಕರು ಇಬ್ಬರಿಬ್ಬರಾಗಿ ಕೂತು ಸುಮಾರು ಅರ್ಧ ಗಂಟೆಗೊಮ್ಮೆ ಮಾತು ಬದಲಾಯಿಸಿಕೊಳ್ಳುತ್ತಾರೆ. ಒಬ್ಬ ಗಂಡಸಿನ ಭಾಷಣ ಇದ್ದಕ್ಕಿದ್ದ ಹಾಗೆ ಹೆಂಗಸಿನ ದನಿಯಲ್ಲಿ ಮುಂದುವರಿಯುತ್ತದೆ. ಮೊದಮೊದಲು ಯಾರು ಮಾತಾಡುತ್ತಿದ್ದಾರೆ ಅನ್ನುವುದೇ ತಪ್ಪಿಹೋಗುತ್ತಿತ್ತು.

ಒಬ್ಬೊಬ್ಬರಿಗೂ ಒಂದೂವರೆ ನಿಮಿಷ, ಎರಡು ನಿಮಿಷ, ಅಷ್ಟೇ ಹೊತ್ತು. ಸಮಯ ಮುಗಿದರೆ ಮೈಕ್ ನಿಂತುಹೋಗುತ್ತದೆ. ಅದಕ್ಕೇ ಎಲ್ಲರೂ ಓಡಿ ಓಡಿ ಓದುತ್ತಾರೆ. ಅನುವಾದಕರ ಪಾಡು ದೇವರಿಗೇ ಪ್ರೀತಿ. ಆ ವೇಗದಲ್ಲಿ ಮೂರು ಗಂಟೆ ಹತ್ತಾರು ದೇಶಗಳು, ಹತ್ತಾರು ಸಂಘಟನೆಗಳು ಮಾತಾಡುತ್ತವೆ. ಅದನ್ನೆಲ್ಲ ನಾನು ಅದೇ ರಾತ್ರಿ ಒಂದೆರಡು ಪುಟಕ್ಕೆ ಇಳಿಸಿ ಕಳಿಸಬೇಕಿತ್ತು. ಬೆಳಗ್ಗೆ ಕಚೇರಿಗೆ ಬಂದ ಮೇಲಿನವರು ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸಬೇಕು.

ಇಲ್ಲಿ ಕಲಿಯಬೇಕಾದದ್ದು ಟೈಪಿಂಗ್ ವೇಗ ಅಲ್ಲ. ಏನನ್ನು ಬಿಡಬೇಕು ಅನ್ನುವುದು. ಸುಮ್ನೆ ಎಲ್ಲವನ್ನೂ ಬರೆದುಕೊಂಡರೆ ಇಪ್ಪತ್ತು ಪುಟ ಆಗುತ್ತದೆ, ಯಾರೂ ಓದುವುದಿಲ್ಲ. ಅಧ್ಯಕ್ಷರಿಗೆ ಅಭಿನಂದನೆ, ವರದಿಗೆ ಸ್ವಾಗತ, ನಮ್ಮ ದೇಶದ ಬದ್ಧತೆ, ಇವೆಲ್ಲ ಮದುವೆ ಕಾಗದದ 'ಸಹಕುಟುಂಬ ಸಮೇತ' ಇದ್ದ ಹಾಗೆ. ಕಣ್ಣು ಅದನ್ನು ದಾಟಿ ದಿನಾಂಕಕ್ಕೆ ಹೋಗಬೇಕು. ಒಂದು ದೇಶ ಹೋದ ಸಲ 'ಕಳವಳ' ಅಂದದ್ದನ್ನು ಈ ಸಲ 'ಖಂಡನೆ' ಅಂದರೆ ಅದು ಸುದ್ದಿ. ಯಾವಾಗಲೂ ಮಾತಾಡುವ ದೇಶ ಈ ಸಲ ಸುಮ್ಮನಿದ್ದರೆ ಅದು ಇನ್ನೂ ದೊಡ್ಡ ಸುದ್ದಿ. ಆಫ್ರಿಕಾ ಗುಂಪಿನ ಪರವಾಗಿ, ಯುರೋಪಿಯನ್ ಒಕ್ಕೂಟದ ಪರವಾಗಿ ಅಂತ ಒಬ್ಬರೇ ಓದುವುದೂ ಇರುತ್ತದೆ. ಆಗ ಆ ಗುಂಪಿನ ಯಾವ ದೇಶ ಆಮೇಲೆ ಎದ್ದು ಬೇರೆ ಮಾತಾಡಿತು ಅಂತ ನೋಡಬೇಕು. ಮಾತಾಡದೇ ಇದ್ದದ್ದನ್ನು ಬರೆದುಕೊಳ್ಳುವುದು ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಸೆಪ್ಟೆಂಬರ್ ಅಧಿವೇಶನದಲ್ಲಿ ಕುಡಿಯುವ ನೀರಿನ ವಿಶೇಷ ವರದಿಗಾರರ ವರದಿ ಇತ್ತು. ಸ್ಪೇನಿನ ಪೆಡ್ರೊ ಅರೊಹೊ-ಅಗುಡೊ. ಆ ಸಲದ ವಿಷಯ ಆದಿವಾಸಿಗಳ ನೀರಿನ ಹಕ್ಕು. ಈ ವಿಶೇಷ ವರದಿಗಾರರು ವಿಶ್ವಸಂಸ್ಥೆಯ ನೌಕರರಲ್ಲ, ಹೊರಗಿನ ತಜ್ಞರು. ಅವರಿಗೂ ಸಂಬಳ ಇಲ್ಲ. ಇದನ್ನು ಅತ್ತೆಗೆ ಹೇಳಿದಾಗ ನನ್ನ ಮೇಲಿನ ಕನಿಕರ ಸ್ವಲ್ಪ ಕಡಿಮೆಯಾಯಿತು. ನೀರು ಅಂದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ, ಅಲ್ವಾ? ಶನಿವಾರ ಊರಿಗೆ ಹೋದಾಗ ಅಪ್ಪ ಕೇಳಿಯೇಬಿಟ್ಟರು. "ಅಲ್ಲಿ ಕಾವೇರಿ ವಿಸ್ಯ ಏನಾರ ಬತ್ತದಾ?" ಇಲ್ಲ ಅಪ್ಪ, ಅದು ಎರಡು ರಾಜ್ಯಗಳ ವಿಷಯ, ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ, ನೋಡಿಕೊಳ್ಳಲು ದೆಹಲಿಯಲ್ಲಿ ಪ್ರಾಧಿಕಾರ ಇದೆ, ಇದು ಬೇರೆ ಅಂದೆ. 2010ರಲ್ಲಿ ವಿಶ್ವಸಂಸ್ಥೆ ಕುಡಿಯುವ ನೀರನ್ನು ಮಾನವ ಹಕ್ಕು ಅಂತ ಒಪ್ಪಿತು, 122 ದೇಶ ಪರವಾಗಿ ಮತ ಹಾಕಿದವು, 41 ತಟಸ್ಥ, ವಿರುದ್ಧ ಒಂದೂ ಇಲ್ಲ ಅಂತಲೂ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಆಮೇಲೆ "ಕಟ್ಟೆ ಎಷ್ಟಡಿ ಐತಂತೆ ಇವತ್ತು?" ಅಂದರು. ಅವರ ಪಾಲಿಗೆ ಜಗತ್ತಿನಲ್ಲಿ ನೆನಪಿಡಬೇಕಾದ ಅಂಕಿ ಒಂದೇ, ಕನ್ನಂಬಾಡಿ ಕಟ್ಟೆ ತುಂಬುವ 124.80 ಅಡಿ.

ಅಧಿವೇಶನ ಇಲ್ಲದ ದಿನಗಳಲ್ಲಿ ಅಡಿಟಿಪ್ಪಣಿ ತಿದ್ದುವ ಕೆಲಸ. ಇದನ್ನು ಯಾರೂ ಹೊಗಳಿ ಹೇಳುವುದಿಲ್ಲ, ಆದರೆ ಇಂಟರ್ನ್‌ಗಳ ದಿನ ಹೆಚ್ಚು ಹೋಗುವುದು ಇಲ್ಲೇ. ಮಂಡಳಿಗೆ ಹೋಗುವ ತಜ್ಞರ ವರದಿಗೆ 10,700 ಪದಗಳ ಮಿತಿ ಇದೆ. ಮೀರಿದರೆ ಕತ್ತರಿಸಬೇಕು. ಪ್ರತಿ ದಾಖಲೆಗೂ ಅಕ್ಷರ, ಗೀಟು, ಅಂಕಿ ಸೇರಿದ ಒಂದು ಗುರುತು ಇರುತ್ತದೆ, ಅದು ಸರಿಯಿದೆಯಾ ನೋಡಬೇಕು. ಕೊಟ್ಟಿರುವ ಲಿಂಕ್ ತೆರೆಯುತ್ತದಾ ನೋಡಬೇಕು. ದೇಶಗಳ ಹೆಸರಂತೂ ನಮ್ಮ ಇಷ್ಟಕ್ಕೆ ಬರೆಯುವ ಹಾಗೇ ಇಲ್ಲ. ಬರೀ ಇರಾನ್ ಅನ್ನುವಂತಿಲ್ಲ, ಪಕ್ಕದಲ್ಲಿ ಇಸ್ಲಾಮಿಕ್ ಗಣರಾಜ್ಯ ಅಂತ ಬರಬೇಕು. ಬೊಲಿವಿಯಾಕ್ಕೂ ಒಂದು ಬಾಲ ಇದೆ. ನಾನು ಸೇರಿದ ಜೂನ್‌ನಲ್ಲೇ ಟರ್ಕಿ ತನ್ನ ಹೆಸರನ್ನು ತುರ್ಕಿಯೆ ಅಂತ ಬದಲಾಯಿಸಿಕೊಂಡಿತು. ಕರಡುಗಳಲ್ಲೆಲ್ಲ ಹಳೆ ಹೆಸರು. ಹುಡುಕಿ ಹುಡುಕಿ ತಿದ್ದಿದ್ದೇ ತಿದ್ದಿದ್ದು. ಮೈಸೂರನ್ನು ಮೈಸೂರು ಅಂತ ಬರೆಯಿರಿ ಅಂತ ದೆಹಲಿಗೆ ಹೇಳಿ ಹೇಳಿ ಸಾಕಾದವರು ನಾವು. 2014ರ ತನಕ ಕಾಯಬೇಕಾಯಿತು. ತುರ್ಕಿಯೆಯವರ ಹಟ ನನಗೆ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ದೊಡ್ಡ ಕೆಲಸ ಯುಪಿಆರ್, ಅಂದರೆ ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ ಪಟ್ಟಿ. ವಿಶ್ವಸಂಸ್ಥೆಯ 193 ದೇಶಗಳೂ ನಾಲ್ಕೂವರೆ ವರ್ಷಕ್ಕೊಮ್ಮೆ ಉಳಿದ ದೇಶಗಳ ಮುಂದೆ ಕೂತು ತಮ್ಮ ಮಾನವ ಹಕ್ಕುಗಳ ಲೆಕ್ಕ ಒಪ್ಪಿಸಬೇಕು. 2008ರಲ್ಲಿ ಶುರುವಾದ ಪದ್ಧತಿ. ಒಂದು ದೇಶಕ್ಕೆ ಮೂರೂವರೆ ಗಂಟೆ. ಅದರಲ್ಲಿ 70 ನಿಮಿಷ ಆ ದೇಶದ್ದು, 140 ನಿಮಿಷ ಮಿಕ್ಕವರದ್ದು. ನೂರು ದೇಶಗಳು ಹೆಸರು ಕೊಟ್ಟರೆ ಒಬ್ಬರಿಗೆ ಎಷ್ಟು ಸಿಗುತ್ತದೆ ನೀವೇ ಲೆಕ್ಕ ಹಾಕಿ. ಅಷ್ಟರಲ್ಲೇ ಹೊಗಳಿ, ಬೈದು, ಎರಡು ಮೂರು ಶಿಫಾರಸು ಮಾಡಿ ಕೂರುತ್ತಾರೆ. ಆ ಶಿಫಾರಸುಗಳನ್ನು ಎಕ್ಸೆಲ್‌ಗೆ ಹಾಕಿ, ಯಾವುದು ಮಕ್ಕಳ ಬಗ್ಗೆ, ಯಾವುದು ಜೈಲಿನ ಬಗ್ಗೆ, ಯಾವುದು ನೀರಿನ ಬಗ್ಗೆ ಅಂತ ವಿಂಗಡಿಸುವುದು ನನ್ನಂಥವರ ಕೆಲಸ. ಆ ದೇಶ ಅದನ್ನು ಒಪ್ಪಿತಾ, ಇಲ್ಲ ಬರೀ 'ಗಮನಿಸಿದ್ದೇವೆ' ಅಂದಿತಾ ಅನ್ನುವುದಕ್ಕೆ ಇನ್ನೊಂದು ಕಾಲಂ. 'ಗಮನಿಸಿದ್ದೇವೆ' ಅಂದರೆ ಆಗಲ್ಲ ಅಂತ. ತಾಲ್ಲೂಕು ಕಚೇರಿಯಲ್ಲಿ 'ನೋಡೋಣ' ಅನ್ನಿಸಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನವೆಂಬರ್‌ನಲ್ಲಿ ಭಾರತದ ಸರದಿಯೂ ಬಂತು. ಅದು ನನ್ನ ಪಾಲಿನ ಕೆಲಸ ಆಗಿರಲಿಲ್ಲ. ಆದರೂ ಬಿಡುವು ಮಾಡಿಕೊಂಡು ನೋಡಿದೆ. ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಅವರ ತಂಡ ಕೂತಿತ್ತು. ಬೇರೆ ದೇಶಗಳ ಪಟ್ಟಿ ಮಾಡುವಾಗ ಬರೀ ಸಾಲುಗಳು. ನಮ್ಮ ದೇಶದ ಹೆಸರು ಬಂದಾಗ ಮೈ ಸ್ವಲ್ಪ ಬಿಗಿಯಾಗುತ್ತದೆ, ಅದು ಸುಳ್ಳಲ್ಲ.

ಜುಲೈ 28ರ ಸಂಜೆಯ ಬಗ್ಗೆ ಹೇಳಲೇಬೇಕು. ಶುದ್ಧವಾದ, ಆರೋಗ್ಯಕರವಾದ ಪರಿಸರವೂ ಮಾನವ ಹಕ್ಕು ಅಂತ ನ್ಯೂಯಾರ್ಕ್‌ನಲ್ಲಿ ಸಾಮಾನ್ಯ ಸಭೆ ಅವತ್ತು ಮತ ಹಾಕಿತು. ಅಲ್ಲಿ ಬೆಳಗ್ಗೆ ಹತ್ತು ಅಂದರೆ ನಮಗೆ ಸಂಜೆ ಏಳೂವರೆ. 161 ಪರ, ವಿರುದ್ಧ ಸೊನ್ನೆ, 8 ತಟಸ್ಥ. ಮತದ ಪರದೆ ಬರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಒಂದೊಂದು ದೇಶವೂ ಎದ್ದು ನಾವು ಹೀಗೆ ಮತ ಹಾಕಿದ್ದು ಯಾಕೆ ಅಂತ ವಿವರಿಸುತ್ತದೆ. ಪರವಾಗಿ ಮತ ಹಾಕಿದವರೂ ಎದ್ದು, ಒಪ್ಪಿದ್ದೇವೆ, ಆದರೆ ಇದರಿಂದ ಕಾನೂನಿನ ಹೊಣೆ ಏನೂ ಬರುವುದಿಲ್ಲ ಅಂತ ಸೇರಿಸುತ್ತಾರೆ. ಮತದ ಅಂಕಿ ಪತ್ರಿಕೆಯಲ್ಲಿ ಬರುತ್ತದೆ. ಈ 'ಆದರೆ'ಗಳು ಬರುವುದಿಲ್ಲ. ಅವನ್ನು ಕೂಡಿಸುವುದಕ್ಕೇ ಇಂಟರ್ನ್ ಬೇಕು.

ಆನ್‌ಲೈನ್ ಕಾರ್ಯಕ್ರಮಗಳಿದ್ದರೆ ಆಹ್ವಾನದ ಪಟ್ಟಿ, ನೆನಪೋಲೆ, ಮೈಕ್ ಬಂದ್ ಮಾಡುವುದು, ಚಾಟ್‌ನಲ್ಲಿ ಬಂದ ಪ್ರಶ್ನೆಗಳನ್ನು ಆರಿಸಿ ಕೊಡುವುದು. ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಮದುವೆ ಮನೆಯಲ್ಲಿ ಓಡಾಡಿದವರಿಗೆಲ್ಲ ಬರುವ ಕೆಲಸ.

ಕರೆಂಟ್ ಹೋಗುತ್ತಿತ್ತು. ಆ ವರ್ಷ ಮಳೆ ಜಾಸ್ತಿ. ಯುಪಿಎಸ್ ಇಟ್ಟುಕೊಂಡಿದ್ದೆ, ಮೊಬೈಲ್‌ನಲ್ಲಿ ಎರಡನೆಯ ಸಿಮ್ ಹಾಕಿಕೊಂಡಿದ್ದೆ. ಊರಿನಲ್ಲಿ ಕೂತಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬೇಕಾದರೆ ಮನೆ ಮಾಳಿಗೆ ಹತ್ತಬೇಕು. ಅದಕ್ಕೇ ಚಿಕ್ಕಮ್ಮನ ಮನೆ. ಜಿನೀವಾದಲ್ಲೂ ಎಲ್ಲ ಸುಖ ಅಂತೇನಿಲ್ಲ ಬಿಡಿ. ಮುಂದಿನ ವರ್ಷ ದುಡ್ಡಿನ ಮುಗ್ಗಟ್ಟು ಬಂದು, ಕರೆಂಟ್ ಖರ್ಚು ಉಳಿಸಲು ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ವಿಶ್ವಸಂಸ್ಥೆಯ ಆ ದೊಡ್ಡ ಅರಮನೆಯಂಥ ಪ್ಯಾಲೆ ದೆ ನಾಸ್ಯೊಂ ಕಟ್ಟಡವನ್ನೇ ಮುಚ್ಚಿದ್ದರು. ಸುದ್ದಿ ಓದಿ ಚಿಕ್ಕಪ್ಪನಿಗೆ ತೋರಿಸಿದೆ. "ಲೋಡ್ ಶೆಡ್ಡಿಂಗ್ ಅಂತ ಕರೀಬಾರ್ದು ಅಷ್ಟೇ" ಅಂದರು. ಅವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ನೆರವಿನಿಂದ 1960ರ ದಶಕದಲ್ಲೇ ಅಲ್ಲಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಶುರುವಾಗಿತ್ತು. ಹೊರದೇಶದ ಹುಡುಗರು ಆಹಾರ ತಂತ್ರಜ್ಞಾನ ಕಲಿಯಲು ಮೈಸೂರಿಗೆ ಬರುತ್ತಿದ್ದರು. "ಅವರು ಇಲ್ಲಿಗೆ ಬರ್ತಿದ್ರು, ನೀನು ಇಲ್ಲಿಂದಲೇ ಅಲ್ಲಿಗೆ ಹೋಗಿದ್ದೀಯ" ಅಂತ ಚಿಕ್ಕಪ್ಪ ತಮಾಷೆ ಮಾಡುತ್ತಿದ್ದರು.

ತಮಾಷೆಯಲ್ಲಿ ಅರ್ಧ ಮಾತ್ರ ನಿಜ. ನಾನು ಅಲ್ಲಿಗೆ ಹೋಗಿರಲಿಲ್ಲ. ಇದು ನನಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ನಮ್ಮದೊಂದು ಇಂಟರ್ನ್‌ಗಳ ವಾಟ್ಸಾಪ್ ಗುಂಪಿತ್ತು. ಅರ್ಧ ಜನ ಜಿನೀವಾದಲ್ಲಿ, ಅರ್ಧ ಜನ ನನ್ನ ಹಾಗೆ ತಂತಮ್ಮ ಮನೆಗಳಲ್ಲಿ. ಅಲ್ಲಿದ್ದವರು ಹಾಕುತ್ತಿದ್ದ ಚಿತ್ರಗಳು ಒಂದು ಥರ. ಹುಲ್ಲುಹಾಸಿನ ಮೇಲೆ ತಿರುಗಾಡುವ ನವಿಲುಗಳು, ಚೌಕದಲ್ಲಿ ಕಾಲು ಮುರಿದ ಹನ್ನೆರಡು ಮೀಟರ್ ಎತ್ತರದ ಮರದ ಕುರ್ಚಿ. ಅದರಿಂದ ನನಗೆ ಹೊಟ್ಟೆಕಿಚ್ಚು ಆಗಲಿಲ್ಲ. ನವಿಲು ನಮ್ಮ ಗದ್ದೆಗೂ ಬರುತ್ತವೆ, ಬಂದು ಬಿತ್ತಿದ್ದನ್ನು ತಿಂದು ಹೋಗುತ್ತವೆ. ಹೊಟ್ಟೆಕಿಚ್ಚು ಆದದ್ದು ಅವರ ಮಾತು ಕೇಳಿ. "ಇವತ್ತು ಇನ್‌ಫಾರ್ಮಲ್ಸ್‌ನಲ್ಲಿ ಕೂತಿದ್ದೆ" ಅನ್ನುತ್ತಿದ್ದರು.

ಇದನ್ನು ಸ್ವಲ್ಪ ವಿವರಿಸಬೇಕು. ಮಂಡಳಿಯಲ್ಲಿ ಒಂದು ನಿರ್ಣಯ ಬರುವ ಮೊದಲು ಅದರ ಕರಡನ್ನು ಹಿಡಿದುಕೊಂಡು ದೇಶಗಳು ಸಣ್ಣ ಕೋಣೆಗಳಲ್ಲಿ ಕೂತು ಸಾಲು ಸಾಲಾಗಿ ಚೌಕಾಸಿ ಮಾಡುತ್ತವೆ. ಈ ಪದ ಬೇಡ, ಆ ಪದ ಹಾಕಿ, ಈ ಪ್ಯಾರಾ ತೆಗೆಯಿರಿ ಅಂತ. ನಿಜವಾದ ಎಳೆದಾಟ ನಡೆಯುವುದು ಇಲ್ಲಿ. ಇದು ವೆಬ್ ಟಿವಿಯಲ್ಲಿ ಬರುವುದಿಲ್ಲ. ಅಲ್ಲಿರುವ ಇಂಟರ್ನ್ ಹಿಂದಿನ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಸಭೆ ಮುಗಿದ ಮೇಲೆ ಸರ್ಪೆಂಟ್ ಬಾರ್ ಅನ್ನುವ ಕಾಫಿ ಜಾಗದಲ್ಲಿ ಯಾರು ಯಾರ ಜೊತೆ ನಿಂತು ಮಾತಾಡುತ್ತಿದ್ದರು ಅನ್ನುವುದೂ ಅವನಿಗೆ ಕಾಣುತ್ತದೆ. ನನ್ನ ಪರದೆಯಲ್ಲಿ ಕಾಣುತ್ತಿದ್ದದ್ದು ಭಾಷಣ ಓದುವವರ ಮುಖ ಮಾತ್ರ. ಅಂದರೆ ಚೌಕಾಸಿಯೆಲ್ಲ ಮುಗಿದು ಬಿಲ್ ಬರೆಯುವ ಹೊತ್ತಿಗೆ ನಾನು ಬಂದು ನಿಂತ ಹಾಗೆ. ನನ್ನ ಟಿಪ್ಪಣಿ ಚೆನ್ನಾಗಿರುತ್ತಿತ್ತು, ಮೇಲಿನವರು ಒಳ್ಳೆಯ ಮಾತು ಹೇಳುತ್ತಿದ್ದರು. ಆದರೆ ಆ ದೇಶ ಹಾಗೆ ಯಾಕೆ ಮತ ಹಾಕಿತು ಅಂತ ಯಾರಾದರೂ ಕೇಳಿದ್ದರೆ ನನಗಿಂತ ಅಲ್ಲಿನ ಹುಡುಗರು ಚೆನ್ನಾಗಿ ಹೇಳುತ್ತಿದ್ದರು.

ಅವರ ಕಷ್ಟವೂ ಕಡಿಮೆ ಇರಲಿಲ್ಲ. ಒಬ್ಬ ಗಡಿಯಾಚೆ ಫ್ರಾನ್ಸಿನ ಅನೆಮಾಸ್‌ನಲ್ಲಿ ಕೋಣೆ ಹಿಡಿದಿದ್ದ, ಬಾಡಿಗೆ ಕಡಿಮೆ ಅಂತ. ಅಲ್ಲಿಂದ ಟ್ರಾಮ್ ಹತ್ತಿ ದಿನಾ ದೇಶ ದಾಟಿ ಕೆಲಸಕ್ಕೆ ಬರುತ್ತಿದ್ದ. ಮಧ್ಯಾಹ್ನ ಯಾವ ಕಾರ್ಯಕ್ರಮದಲ್ಲಿ ಸ್ಯಾಂಡ್‌ವಿಚ್ ಕೊಡುತ್ತಾರೆ ಅನ್ನುವ ಪಟ್ಟಿ ಗುಂಪಿನಲ್ಲಿ ಓಡಾಡುತ್ತಿತ್ತು. ಆದರೂ ಅಲ್ಲಿ ಹೋಗಿ ಇರುವಷ್ಟು ಅನುಕೂಲ ಅವರ ಮನೆಗಳಲ್ಲಿತ್ತು ಅನ್ನುವುದು ಇದ್ದೇ ಇದೆ. ನೈರೋಬಿಯ ಒಬ್ಬ ಹುಡುಗಿ ನನ್ನ ಹಾಗೇ ಮನೆಯಿಂದ ಮಾಡುತ್ತಿದ್ದಳು. ಒಂದು ರಾತ್ರಿ ಟಿಪ್ಪಣಿ ಕಳಿಸಿ ಮುಗಿದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿದೆವು. ಮನೆಯಿಂದ ಮಾಡಲು ಬಿಟ್ಟರೆ ನಮ್ಮಂಥವರು ಒಳಗೆ ಬರಬಹುದು, ಆದರೆ ಬರುವುದು ಹಿತ್ತಲ ಬಾಗಿಲಿಂದ ಅಂತ ಅವಳ ವಾದ. ದುಡ್ಡು ಕೊಟ್ಟು ಕರೆಸಿಕೊಳ್ಳುವುದೇ ಸರಿಯಾದ ದಾರಿ, ಕೆಲವು ಸಂಸ್ಥೆಗಳು ಮಾಡುತ್ತಿಲ್ಲವೇ ಅಂತ. ನಾನೂ ಈಗ ಅದನ್ನೇ ಹೇಳುತ್ತೇನೆ. ಅವತ್ತು ಮಾತ್ರ ಹಿತ್ತಲ ಬಾಗಿಲಾದರೂ ಇದೆಯಲ್ಲ ಅಂತ ವಾದ ಮಾಡಿದ್ದೆ.

ಕೊನೆಗೆ ಏನು ಸಿಕ್ಕಿತು? ಒಂದು ಪ್ರಮಾಣಪತ್ರ, ಮೇಲಿನವರು ಬರೆದುಕೊಟ್ಟ ಒಂದು ಶಿಫಾರಸು ಪತ್ರ. ಇಂಟರ್ನ್‌ಶಿಪ್ ಮುಗಿದರೆ ಕೆಲಸ ಕೊಡುತ್ತಾರೆ ಅನ್ನುವ ಭರವಸೆ ಅಲ್ಲಿ ಯಾರೂ ಕೊಡುವುದಿಲ್ಲ. ನಾನೀಗ ಮೈಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಬಗ್ಗೆ ಕೆಲಸ ಮಾಡುತ್ತೇನೆ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಲ್ಲಿ ಇದೆಯಾ, ನೀರು ಬರುತ್ತದಾ, ಎಷ್ಟು ಹೊತ್ತು ಬರುತ್ತದೆ ಅಂತ ಮನೆಮನೆಗೆ ಹೋಗಿ ಕೇಳುತ್ತೇವೆ. ವರದಿ ನಲವತ್ತು ಪುಟ ಆಗುತ್ತದೆ. ಪಿಡಿಒ ಹತ್ತಿರ ಅದನ್ನು ತೆಗೆದುಕೊಂಡು ಹೋದರೆ ಮೇಜಿನ ಮೇಲೆ ಇಡಿ ಅನ್ನುತ್ತಾರೆ. ಅದಕ್ಕೆ ಮೇಲೊಂದು ಅರ್ಧ ಪುಟ ಬರೆದು ಸೇರಿಸುತ್ತೇನೆ. ಯಾವ ಬೀದಿಗೆ ನೀರು ಬರುತ್ತಿಲ್ಲ, ಯಾವ ಮೋಟಾರ್ ಕೆಟ್ಟಿದೆ, ಅಷ್ಟೇ. ಅದನ್ನು ನಿಂತಲ್ಲೇ ಓದುತ್ತಾರೆ.

ಈಗ ಚಿಕ್ಕಮ್ಮನ ಮಗಳ ಸರದಿ. ಅವಳು ಈ ವರ್ಷ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಇನ್ಸ್‌ಪೈರಾ ತೆರೆದು ಕೂತಿದ್ದಳು. "ಅಕ್ಕ, ಎಲ್ಲದಕ್ಕೂ ಹಾಕಿಬಿಡ್ಲಾ?" ಅಂದಳು. ಬೇಡ ಅಂದೆ. ಮೊದಲು ದುಡ್ಡು ಕೊಡುವ ಸಂಸ್ಥೆಗಳ ತಾಣ ಬೇರೆ ಬೇರೆ ಇವೆ, ಅವನ್ನು ನೋಡು. ದೆಹಲಿಯ ಲೋಧಿ ಎಸ್ಟೇಟ್‌ನಲ್ಲೂ ವಿಶ್ವಸಂಸ್ಥೆಯ ಕಚೇರಿಗಳಿವೆ, ಕರ್ನಾಟಕವನ್ನು ನೋಡಿಕೊಳ್ಳುವ ಯುನಿಸೆಫ್ ಕಚೇರಿ ಹೈದರಾಬಾದ್‌ನಲ್ಲೇ ಇದೆ, ಅಲ್ಲಿಗಾದರೆ ಕಾಚೇಗುಡ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಜಾಹೀರಾತಿನಲ್ಲಿ ಕೆಲಸದ ಪಟ್ಟಿ ಕೊಟ್ಟಿರುತ್ತಾರೆ, ಅದನ್ನು ಸಾಲು ಸಾಲಾಗಿ ಓದಿ, ನಿನಗೆ ಯಾವುದು ಮಾಡಿ ಗೊತ್ತೋ ಅದನ್ನೇ ಪತ್ರದಲ್ಲಿ ಮೊದಲು ಬರಿ. ಚಿಕ್ಕಂದಿನಿಂದ ಜಗತ್ತನ್ನು ಬದಲಾಯಿಸುವ ಕನಸಿತ್ತು ಅಂತ ಬರೆಯಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಅವಳು ಆ ಸಾಲನ್ನು ಆಗಲೇ ಬರೆದಿದ್ದಳು. ನನ್ನ ಮುಖ ನೋಡಿ ಅಳಿಸಿದಳು. ಆ ಜಾಗದಲ್ಲಿ ಏನು ಹಾಕಲಿ ಅಂದಳು. ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ಇಡೀ ಊರಿನ ಶೌಚಾಲಯಗಳ ಸಮೀಕ್ಷೆಯನ್ನು ಎಕ್ಸೆಲ್‌ಗೆ ಹಾಕಿದ್ದು ಯಾರು ಅಂತ ಕೇಳಿದೆ. "ನಾನೇ" ಅಂದಳು. ಅದನ್ನು ಹಾಕು ಅಂದೆ.